ಬೋರ್ಡ್ ಮೀಟಿಂಗಿಗೆ ಬಾರದ ಸುದ್ದಿ: ಕೊಡಗಿನಲ್ಲಿ ವ್ಯವಹಾರ ಮಾಡುವ ಕಂಪನಿಗಳ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ನಿರ್ದೇಶಕರೇ,

ಕೊಡಗಿನಲ್ಲಿ ತೋಟ ಇಟ್ಟುಕೊಂಡಿರುವ, ಕಾಫಿ ಕೊಳ್ಳುವ, ಕ್ಯೂರಿಂಗ್ (ಕಾಫಿ ಬೀಜದ ಸಂಸ್ಕರಣೆ) ನಡೆಸುವ, ರೆಸಾರ್ಟ್ ಕಟ್ಟಿರುವ ಎಲ್ಲ ಕಂಪನಿಗಳ ಆಡಳಿತ ಮಂಡಳಿಗಳಿಗೂ ಈ ಪತ್ರ. ನಾನು ಅಮ್ಮತ್ತಿ ಕಡೆಯ ಸಣ್ಣ ಬೆಳೆಗಾರ. ಅದಕ್ಕೂ ಮುಂಚೆ ಒಂದು ಕಂಪನಿ ತೋಟದ ಆಫೀಸಿನಲ್ಲಿ ರೈಟರ್ ಆಗಿದ್ದೆ, ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆಯುತ್ತಿದ್ದೆ. ಒಂದೆರಡು ಕಂಪನಿಗಳ ಸ್ವಲ್ಪ ಷೇರೂ ನನ್ನ ಹೆಸರಿನಲ್ಲಿದೆ. ನಿಮ್ಮ ಸಂಬಳ ತಿಂದಿದ್ದೇನೆ, ನಿಮಗೆ ಕಾಫಿ ಮಾರಿದ್ದೇನೆ, ನಿಮ್ಮ ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಭ್ಯಾಸವೂ ಇದೆ.

ಹೇಳಬೇಕಾದ್ದು ಒಂದೇ ವಿಷಯ. ಇಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಅದು ನಿಮ್ಮ ಮೀಟಿಂಗಿನ ಟೇಬಲ್ಲಿಗೆ ತಾನಾಗಿ ಬರುವುದಿಲ್ಲ. ಬರುವ ದಾರಿಯನ್ನು ನೀವೇ ಮಾಡಿಕೊಳ್ಳಬೇಕು. ಅದನ್ನು ಮ್ಯಾನೇಜರ್ ತಲೆಗೆ ಕಟ್ಟಿದರೆ ಆಗುವ ಕೆಲಸವಲ್ಲ.

ಸುದ್ದಿ ಹೇಗೆ ಮೇಲೆ ಹೋಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನಾನಿದ್ದ ತೋಟದಲ್ಲಿ ಒಂದು ಲೈನಿನ (ಕೆಲಸಗಾರರ ಸಾಲುಮನೆಯ) ಆರು ಮನೆಗಳ ಮಾಡು ಸೋರುತ್ತಿತ್ತು. ಕೊಡಗಿನ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹೆಂಗಸರು ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಬೆಳಿಗ್ಗೆ ಹಾಜರಿ ಹೊತ್ತಿಗೆ ಆಫೀಸಿಗೆ ಬಂದು, "ಆರು ಮನೆನೂ ಪೂರ್ತಿ ಸೋರ್ತಾ ಇದೆ, ರಾತ್ರಿ ಮಕ್ಕಳಿಗೆ ಮಲಗೋಕೆ ಒಣ ಜಾಗ ಇಲ್ಲ" ಅಂದ. ಪುಸ್ತಕದಲ್ಲಿ ಅದು "ಆರು ಮನೆ, ಶೀಟ್ ರಿಪೇರಿ" ಅಂತ ದಾಖಲಾಯಿತು. ಅಸಿಸ್ಟೆಂಟ್ ಮ್ಯಾನೇಜರ್ ಎಸ್ಟಿಮೇಟ್ ಹಾಕುವಾಗ "ಲೈನ್ ನಿರ್ವಹಣೆ" ಆಯಿತು. ಹೆಡ್ಡಾಫೀಸಿಗೆ ಹೋಗುವಾಗ ಗೋಡೌನ್ ಬಣ್ಣ, ಗೇಟು, ಪಂಪ್‌ಹೌಸ್ ಎಲ್ಲದರ ಜೊತೆ ಸೇರಿ ಬರೀ ಒಂದು ಮೊತ್ತ ಆಯಿತು. ಆ ವರ್ಷ ಖರ್ಚು ಇಳಿಸಿ ಅಂತ ಸುತ್ತೋಲೆ ಬಂದಿತ್ತು. ಮೊತ್ತ ಅರ್ಧಕ್ಕೆ ಇಳಿಯಿತು. ಗೋಡೌನಿಗೆ ಬಣ್ಣ ಬಂತು, ಏಕೆಂದರೆ ಖರೀದಿದಾರರು ನೋಡಲು ಬರುವವರಿದ್ದರು. ವರ್ಷದ ಕೊನೆಯ ವರದಿಯಲ್ಲಿ ಕಾರ್ಮಿಕರ ವಸತಿ ಸುಸ್ಥಿತಿಯಲ್ಲಿದೆ ಅಂತ ಅಚ್ಚಾಗಿತ್ತು.

ಇದರಲ್ಲಿ ಯಾರೂ ಬೇಕಂತ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರೂ ಮೇಲಿನವರಿಗೆ ಎಷ್ಟು ಬೇಕೋ ಅಷ್ಟನ್ನೇ ಕಳಿಸಿದರು. ಒಂದೊಂದು ಮೆಟ್ಟಿಲು ಹತ್ತುವಾಗಲೂ ಒಂದಿಷ್ಟು ಉದುರಿ ಹೋಯಿತು. ಬೆಂಗಳೂರಿನಲ್ಲಿ ಕೂತ ನಿರ್ದೇಶಕರು ವರದಿಗೆ ಸಹಿ ಹಾಕಿದಾಗ ಅವರಿಗೆ ಆ ಆರು ಮನೆಯ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. ತೋಟದ ಕೆಲಸಗಾರರಿಗೆ ವಾಸಕ್ಕೆ ಯೋಗ್ಯವಾದ ಮನೆ ಕೊಡಬೇಕು ಅಂತ ಈ ದೇಶದಲ್ಲಿ 1951ರಲ್ಲೇ ಕಾನೂನು ಆಗಿದೆ. ಕಾನೂನು ಇದೆ, ಅದನ್ನು ಪಾಲಿಸುವ ಮನಸ್ಸೂ ಇದೆ ಅಂತಲೇ ಇಟ್ಟುಕೊಳ್ಳೋಣ. ಗೊತ್ತೇ ಆಗದಿದ್ದರೆ ಏನು ಮಾಡುತ್ತೀರಿ?

ಗೊತ್ತಿರಲಿಲ್ಲ ಅನ್ನುವುದು ಕಂಪನಿ ಲೋಕದಲ್ಲಿ ತುಂಬಾ ದುಬಾರಿ ಮಾತು. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು ತಮ್ಮ ಲೆಕ್ಕಪತ್ರವೇ ಸುಳ್ಳು ಅಂತ ಪತ್ರ ಬರೆದರು. ಆ ಬೋರ್ಡಿನಲ್ಲಿ ಹೆಸರಾಂತ ಪ್ರೊಫೆಸರುಗಳಿದ್ದರು. ಅವರಿಗೂ ಗೊತ್ತಿರಲಿಲ್ಲ. ಹತ್ತು ವರ್ಷದ ನಂತರ, 2019ರ ಜುಲೈನಲ್ಲಿ, ನಮ್ಮದೇ ಕಾಫಿ ಸೀಮೆಯ, ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರು ತೀರಿಹೋದರು. ಆ ಸುದ್ದಿ ಬಂದ ದಿನ ಕೊಡಗಿನ ಬೆಳೆಗಾರರೂ ಮನೆಯವರೇ ಹೋದಂತೆ ಸಂಕಟಪಟ್ಟರು. ಮಲೆನಾಡಿನ ಹುಡುಗರಿಗೆ, ಹುಡುಗಿಯರಿಗೆ ಅವರು ಕೊಟ್ಟ ಕೆಲಸ, ಕಾಫಿಗೆ ಅವರು ತಂದ ಗೌರವ ಯಾರೂ ಮರೆಯುವಂಥದ್ದಲ್ಲ. ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ, ತಮ್ಮ ತಂಡಕ್ಕೆ, ಆಡಿಟರುಗಳಿಗೆ, ಹಿರಿಯ ಅಧಿಕಾರಿಗಳಿಗೆ ಈ ವ್ಯವಹಾರಗಳು ಗೊತ್ತೇ ಇರಲಿಲ್ಲ, ಹೊಣೆ ತನ್ನದೊಬ್ಬನದೇ ಅನ್ನುವ ಮಾತಿತ್ತು. ಮುಂದೆ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ತನಿಖೆ ಮಾಡಿತು. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಅವರದೇ ಕುಟುಂಬದ ಇನ್ನೊಂದು ಕಂಪನಿಗೆ ಹೋಗಿದೆ ಅಂತ ಹೇಳಿತು. 2023ರ ಜನವರಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ಹಾಕಿ ಆದೇಶ ಮಾಡಿತು.

ಹೋದವರ ಬಗ್ಗೆ ತೀರ್ಪು ಕೊಡಲು ನಾನು ಬರೆಯುತ್ತಿಲ್ಲ. ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ ಬೇರೆ. ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬ ಮನುಷ್ಯ ಅಷ್ಟು ಭಾರ ಒಬ್ಬನೇ ಹೊತ್ತು ತಿರುಗುವ ಸ್ಥಿತಿ ಹೇಗೆ ಬಂತು? ಕಷ್ಟ ಇದೆ ಅಂತ ಬೋರ್ಡಿನ ಮುಂದೆ ಬಾಯಿಬಿಟ್ಟು ಹೇಳುವ ಜಾಗ ಯಾಕಿರಲಿಲ್ಲ? ಕೇಳುವವರು ಇದ್ದಿದ್ದರೆ ಒಳ್ಳೆಯದಾಗುತ್ತಿದ್ದದ್ದು ಷೇರುದಾರರಿಗೆ ಮಾತ್ರ ಅಲ್ಲ. ಅವರಿಗೂ ಆಗುತ್ತಿತ್ತು. 2020ರ ಕೊನೆಗೆ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಆ ಭಾರಕ್ಕೆ ಹೆಗಲು ಕೊಟ್ಟು ಸಾಲ ಇಳಿಸುತ್ತಾ ಬಂದರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಸತ್ಯಂ ಆದ ಮೇಲೆ ಬಂದ 2013ರ ಕಂಪನಿ ಕಾಯ್ದೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಎರಡು ಕಲಮು ನೆನಪಿಸುತ್ತೇನೆ. 166ನೇ ಕಲಮಿನ ಪ್ರಕಾರ ನಿರ್ದೇಶಕರು ಷೇರುದಾರರ ಹಿತ ನೋಡಿದರೆ ಸಾಲದು. ನೌಕರರು, ಸುತ್ತಲಿನ ಸಮುದಾಯ, ಪರಿಸರ ಇವರೆಲ್ಲರ ಹಿತವನ್ನೂ ನೋಡಬೇಕು. ಇದು ದಾನಧರ್ಮದ ವಿಷಯ ಅಲ್ಲ, ನಿಮ್ಮ ಕರ್ತವ್ಯ ಅಂತಲೇ ಬರೆದಿದೆ. ಇನ್ನೊಂದು 149ನೇ ಕಲಮಿನ 12ನೇ ಉಪಕಲಮು. ಸ್ವತಂತ್ರ ನಿರ್ದೇಶಕರು (ಮಾಲೀಕರ ಕಡೆಯವರಲ್ಲದ ನಿರ್ದೇಶಕರು) ಬೋರ್ಡಿನ ಮೂಲಕ ತಮ್ಮ ಗಮನಕ್ಕೆ ಬಂದು, ತಾವು ಒಪ್ಪಿ ಅಥವಾ ಕೈಜೋಡಿಸಿ ನಡೆದ ತಪ್ಪಿಗೆ ಹೊಣೆ. ಎಚ್ಚರ ವಹಿಸದೆ ಇದ್ದರೂ ಹೊಣೆ. ಈ ಕೊನೆಯ ಮಾತನ್ನು ತುಂಬಾ ಜನ ಓದುವುದೇ ಇಲ್ಲ ಅನಿಸುತ್ತದೆ. ಗಮನಕ್ಕೆ ಬಾರದಿದ್ದರೆ ಬಚಾವು ಅಂದುಕೊಂಡರೆ, ಗಮನಕ್ಕೆ ಬಾರದ ಹಾಗೆ ಇರುವುದೇ ಕ್ಷೇಮ ಅನಿಸಲು ಶುರುವಾಗುತ್ತದೆ. ಬಿಳಿ ಕಾಂಡ ಕೊರಕ ಹಿಡಿದ ಅರೇಬಿಕಾ ಗಿಡವನ್ನು ರಸ್ತೆಯಲ್ಲಿ ಜೀಪು ನಿಲ್ಲಿಸಿ ನೋಡಿದರೆ ಹಸಿರಾಗೇ ಕಾಣುತ್ತದೆ. ಗಿಡ ಗಿಡದ ಬುಡಕ್ಕೂ ಬಗ್ಗಿ ನೋಡಿದವನಿಗೆ ಮಾತ್ರ ಹುಳು ಸಿಗುತ್ತದೆ. ಕಾನೂನು ಎಚ್ಚರ ಅನ್ನುವುದು ಆ ಬಗ್ಗುವ ಕೆಲಸಕ್ಕೇ.

ಈಗ ಏಣಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ.

ಕೊಡಗಿನಲ್ಲಿ ಕರಿಮೆಣಸು ಕುಯ್ಯುವ ಕಾಲ ಬಂತೆಂದರೆ ಪೇಪರಿನಲ್ಲಿ ಒಂದು ಸುದ್ದಿ ಬರುವುದು ಮಾಮೂಲಿ ಆಗಿಬಿಟ್ಟಿದೆ. ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ಸಾಗಿಸುವಾಗ ಮೇಲಿನ ಕರೆಂಟು ತಂತಿಗೆ ತಗುಲಿ ಕೆಲಸಗಾರ ಸತ್ತ ಅಂತ. ಏಣಿ ಹಗುರ, ಉದ್ದ ಜಾಸ್ತಿ. ಸಿಲ್ವರ್ ಮರದ ತುದಿಯವರೆಗೂ ಬಳ್ಳಿ ಹಬ್ಬಿರುತ್ತದೆ, ಅಷ್ಟು ಎತ್ತರ ಬೇಕೇ ಬೇಕು. ಎರಡು ಜನ ನೆಟ್ಟಗೆ ಹಿಡಿದುಕೊಂಡೇ ನಡೆಯುತ್ತಾರೆ, ಮಡಚಿ ಮಲಗಿಸಿ ಮತ್ತೆ ಎತ್ತಲು ಪುರುಸೊತ್ತು ಇರುವುದಿಲ್ಲ. ಕಣ್ಣು ಮೇಲೆ ಬಳ್ಳಿಯ ಕಡೆ ಇರುತ್ತದೆ, ತಂತಿ ಎಲೆಯ ಮರೆಯಲ್ಲಿರುತ್ತದೆ. ಕೆಲಸ ಎಷ್ಟು ಕೆಜಿ ಕುಯ್ದರೆ ಅಷ್ಟು ದುಡ್ಡು ಅನ್ನುವ ಲೆಕ್ಕದ್ದು. ಹಾಗಾಗಿ ಅವಸರ.

ಈ ಸಾವು ಯಾರ ಲೆಕ್ಕಕ್ಕೆ ಬರಬೇಕು? ತೋಟದವರು ಮೆಣಸಿನ ಫಸಲನ್ನು ಬಳ್ಳಿಯಲ್ಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರ ಒಬ್ಬ ಏಜೆಂಟನಿಗೆ ಹೇಳಿರುತ್ತಾನೆ. ಏಜೆಂಟ್ ಅಸ್ಸಾಮಿನ ಹುಡುಗರನ್ನೋ ಹತ್ತಿರದ ಹಾಡಿಯ ಯರವ ಆದಿವಾಸಿಗಳನ್ನೋ ಕರೆದುಕೊಂಡು ಬಂದಿರುತ್ತಾನೆ. ಆ ಹುಡುಗನ ಹೆಸರು ತೋಟದ ಚೆಕ್‌ರೋಲಿನಲ್ಲಿ ಇರುವುದಿಲ್ಲ. ಸೆಬಿ ನಿಯಮದಂತೆ 2022-23ರಿಂದ ದೇಶದ ಮೊದಲ ಸಾವಿರ ಲಿಸ್ಟೆಡ್ (ಷೇರು ಮಾರುಕಟ್ಟೆಯಲ್ಲಿರುವ) ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ ಜವಾಬ್ದಾರಿ ವರದಿ ಕೊಡಬೇಕು. ಅದರಲ್ಲಿ ಕಾಯಂ ಕೆಲಸಗಾರರು, ಕಾಯಂ ಅಲ್ಲದವರು ಅಂತ ಬೇರೆ ಬೇರೆ ಕಾಲಂ ಇದೆ. ಅಪಘಾತದ ಲೆಕ್ಕವೂ ಕೊಡಬೇಕು. ಕಾಲಂ ಚೆನ್ನಾಗೇ ಇದೆ. ಆದರೆ ಏಜೆಂಟನ ಪುಸ್ತಕದಲ್ಲೂ ಹೆಸರಿಲ್ಲದವನು ಯಾವ ಕಾಲಂಗೆ ಬರುತ್ತಾನೆ? ಲಿಸ್ಟ್ ಆಗದ ಕಂಪನಿಗಳಿಗಂತೂ ಆ ಕಾಲಂ ಕೂಡ ಇಲ್ಲ.

ಗುತ್ತಿಗೆ ಕೊಟ್ಟ ಮಾತ್ರಕ್ಕೆ ತೋಟ ನಿಮ್ಮದಲ್ಲದೆ ಹೋಗುವುದಿಲ್ಲ. ನಿಮ್ಮ ಗೇಟಿನೊಳಗೆ ಬೆಳಿಗ್ಗೆ ಎಷ್ಟು ಜನ ಬಂದರು, ಸಂಜೆ ಎಷ್ಟು ಜನ ಹೊರಗೆ ಹೋದರು, ಅವರು ಯಾರ ಕಡೆಯವರು ಅನ್ನುವುದು ಪ್ರತಿ ಬೋರ್ಡ್ ಮೀಟಿಂಗಿನಲ್ಲೂ ಬರಬೇಕು. ಯಾವ ತೋಟದಲ್ಲಿ ಎಷ್ಟು ಕಡೆ ಕರೆಂಟು ತಂತಿ ಮೆಣಸಿನ ಸಾಲಿನ ಮೇಲೆ ಹಾದುಹೋಗಿದೆ ಅಂತ ಒಂದು ನಕ್ಷೆ ಮಾಡಿಸಿ. ಕೊಯ್ಲಿನ ದಿನ ಸಪ್ಲೈ ನಿಲ್ಲಿಸಲು ವಿದ್ಯುತ್ ಕಂಪನಿಗೆ ಮುಂಚೆಯೇ ಬರೆಯಿರಿ. ಕರೆಂಟು ಹರಿಯದ ಏಣಿ ಕೊಡಿಸಿ. ಇದಕ್ಕೆ ಆಗುವ ಖರ್ಚು ನಿಮ್ಮ ವಾರ್ಷಿಕ ವರದಿಯ ಬಣ್ಣದ ಫೋಟೋಗಳಿಗೆ ಆಗುವುದಕ್ಕಿಂತ ತುಂಬಾ ಜಾಸ್ತಿ ಏನೂ ಆಗಲಾರದು. ಆನೆ ವಿಷಯವೂ ಹೀಗೇ. ಮುಂಜಾನೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಬರುವವರು ಆನೆಗೆ ಸಿಕ್ಕಿ ಸತ್ತಾಗ ಅರಣ್ಯ ಇಲಾಖೆಯ ಪರಿಹಾರದ ಮಾತು ಬರುತ್ತದೆ. ಗೇಟಿನ ತನಕ ಒಂದು ಗಾಡಿ ಯಾಕೆ ಕಳಿಸಲಿಲ್ಲ ಅಂತ ಬೋರ್ಡಿನಲ್ಲಿ ಯಾರಾದರೂ ಕೇಳಿದ್ದೀರಾ?

ದೂರು ಹೇಳುವ ವ್ಯವಸ್ಥೆ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಕಾಯ್ದೆಯ 177ನೇ ಕಲಮಿನಲ್ಲಿ ಅದಕ್ಕೆ ಜಾಗ ಇದೆ. ಅಗತ್ಯ ಬಿದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ತಲುಪಬಹುದು ಅಂತಲೂ ಇದೆ. ನಮ್ಮ ಆಫೀಸಿನಲ್ಲೂ ಆ ಕಾಗದ ಇತ್ತು. ಹಾಜರಿ ತೆಗೆದುಕೊಳ್ಳುವ ಕಿಟಕಿಯ ಪಕ್ಕದ ನೋಟಿಸ್ ಬೋರ್ಡಿನಲ್ಲಿ, ರಜಾದಿನಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದ ನಾಲ್ಕು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಕೊನೆಗೆ ಒಂದು ಇಮೇಲ್ ವಿಳಾಸ. ಓದಬೇಕಾದವರಲ್ಲಿ ಅರ್ಧ ಜನ ಹೆಬ್ಬೆಟ್ಟು ಒತ್ತುವವರು. ಕೆಳಗೆ ಮೊದಲು ಸಂಪರ್ಕಿಸಬೇಕಾದವರು ಅಂತ ಬರೆದದ್ದು ತೋಟದ ಮ್ಯಾನೇಜರ್ ಹೆಸರು! ಯಾರು ಮ್ಯಾನೇಜರ್ ಮೇಲಿನ ದೂರನ್ನು ಮ್ಯಾನೇಜರಿಗೆ ಹೇಳುತ್ತಾರೆ? ಒಂದು ಫೋನ್ ನಂಬರ್ ಕೊಡಿ. ಅದನ್ನು ಕಂಪನಿಯ ಹೊರಗಿನವರು ಎತ್ತಬೇಕು. ಕನ್ನಡ, ಮಲಯಾಳಂ, ಹಿಂದಿ ಯಾವುದರಲ್ಲಿ ಮಾತಾಡಿದರೂ ಅರ್ಥ ಆಗಬೇಕು. ವರ್ಷಕ್ಕೆ ಎಷ್ಟು ಕರೆ ಬಂತು ಅಂತ ವರದಿಯಲ್ಲಿ ಹಾಕಿ. ಸೊನ್ನೆ ದೂರು ಅಂತ ಹೆಮ್ಮೆಯಿಂದ ಅಚ್ಚು ಹಾಕಿದ್ದನ್ನು ಕಂಡರೆ ನನಗೆ ಭಯವೇ ಆಗುತ್ತದೆ.

ಮ್ಯಾನೇಜರುಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅವರಲ್ಲಿ ಎಷ್ಟೋ ಜನ ಒಳ್ಳೆಯವರು, ಗಿಡವನ್ನೂ ಜನರನ್ನೂ ಬಲ್ಲವರು. ಆದರೆ ಕೆಲವೇ ವರ್ಷಕ್ಕೆ ವರ್ಗಾವಣೆ. ತಲೆಯ ಮೇಲೆ ಟಾರ್ಗೆಟ್. ಕೆಟ್ಟ ಸುದ್ದಿ ಕಳಿಸಿದವನಿಗೆ ಬೋನಸ್ ಕಡಿಮೆ, ಮುಚ್ಚಿಟ್ಟವನಿಗೆ ಬಡ್ತಿ ಅನ್ನುವ ಹಾಗಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ? ಏನಾದರೂ ಹೆಚ್ಚುಕಮ್ಮಿ ಆದಾಗ ಮೊದಲು ಸಸ್ಪೆಂಡ್ ಆಗುವವನೂ ಅವನೇ. ತಪ್ಪನ್ನು ತಾನಾಗಿ ಮೊದಲೇ ವರದಿ ಮಾಡಿದ ಮ್ಯಾನೇಜರಿಗೆ ತೊಂದರೆ ಕೊಡುವುದಿಲ್ಲ ಅಂತ ಬೋರ್ಡು ನಿರ್ಣಯ ಮಾಡಿ ಬರವಣಿಗೆಯಲ್ಲಿ ಕೊಡಲಿ.

ಕಾಫಿ ಕೊಳ್ಳುವ ಕಂಪನಿಗಳಿಗೆ ಬೇರೆ ಒಂದು ವಿಷಯ ಇದೆ. ಯುರೋಪಿಗೆ ಹೋಗುವ ಕಾಫಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಅಂತ ತೋರಿಸಬೇಕು, ತೋಟದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ ಕೊಡಬೇಕು ಅನ್ನುವ ಕಾನೂನನ್ನು 2023ರಲ್ಲಿ ಯುರೋಪಿನವರು ತಂದರು. ಜಾರಿಯ ದಿನ ಮುಂದೆ ಹೋಗುತ್ತಾ ಇದ್ದರೂ ತಯಾರಿ ನಿಂತಿಲ್ಲ. ಮರದ ನೆರಳಿನಲ್ಲೇ ಕಾಫಿ ಬೆಳೆಯುವ ನಮಗೆ ಈ ಕಾನೂನಿನ ಆಶಯದ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ಕಾಗದದಲ್ಲಿ. ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ) ಜಾಗದ ಆರ್‌ಟಿಸಿಯಲ್ಲಿ ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿರುತ್ತದೆ, ತೋಟ ಮಾಡುವವರು ಒಕ್ಕದ (ಅದೇ ಮನೆತನದ) ಬೇರೆ ಬೇರೆ ಮನೆಯವರಾಗಿರುತ್ತಾರೆ. ನಿಮ್ಮ ಕಡೆಯ ಹುಡುಗರು ಫೋನ್ ಹಿಡಿದುಕೊಂಡು ಬಂದು ತೋಟ ಸುತ್ತುತ್ತಾರೆ, ಒಂದು ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ನಾವು ಏನಕ್ಕೆ ಒಪ್ಪಿದ್ದೇವೆ, ಮಾಹಿತಿ ತಪ್ಪಾದರೆ ಹೊಣೆ ಯಾರದ್ದು, ನಮ್ಮ ತೋಟದ ನಕ್ಷೆ ಯಾರ ಹತ್ತಿರ ಇರುತ್ತದೆ ಅಂತ ಯಾರೂ ಹೇಳುವುದಿಲ್ಲ. ಫಾರಂನ ಒಂದು ಪ್ರತಿಯನ್ನು ಕನ್ನಡದಲ್ಲಿ ನಮ್ಮ ಕೈಗೆ ಕೊಡಿ. ಲಂಡನ್ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿದ ದಿನ ನಮ್ಮ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಬೆಲೆ ಏರಲು ಯಾಕೆ ತಡವಾಗುತ್ತದೆ, ಇಳಿದ ದಿನ ಸಂಜೆಯೊಳಗೆ ಯಾಕೆ ಇಳಿಯುತ್ತದೆ ಅಂತಲೂ ಒಮ್ಮೆ ಕೂತು ವಿವರಿಸಿ. 2024, 2025ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಾಗಲೂ ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ), ತೇವಾಂಶ ಅಂತ ಕಳೆಯುತ್ತಾ ಬಂದದ್ದನ್ನು ಬೆಳೆಗಾರರು ಮರೆತಿಲ್ಲ.

ರೆಸಾರ್ಟ್ ಕಂಪನಿಗಳಿಗೆ ಹೆಚ್ಚು ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದನ್ನು ದೇಶವೇ ನೋಡಿದೆ. ಈಗ ಮಳೆಗಾಲ ಬಂದರೆ ಜಿಲ್ಲಾಡಳಿತ ಮಣ್ಣು ಅಗೆಯುವ ಕೆಲಸಕ್ಕೆ ತಡೆ ಹಾಕುತ್ತದೆ. ಇಳಿಜಾರು ಕಡಿಯುವ ಯಾವ ಯೋಜನೆಯೂ ಆ ಜಾಗ ನೋಡಿದ ಭೂವಿಜ್ಞಾನಿಯ ಬರಹದ ಅಭಿಪ್ರಾಯ ಇಲ್ಲದೆ ಬೋರ್ಡಿನ ಮುಂದೆ ಬರಬಾರದು. ಕೆಳಗಿನ ಮನೆಯವರಿಗೂ ಅದರ ಪ್ರತಿ ಸಿಗಬೇಕು.

ನಿಮ್ಮ ಕಷ್ಟವೂ ಸಣ್ಣದಲ್ಲ ಅಂತ ಗೊತ್ತು. ಹೂ ಅರಳಿಸುವ ಬ್ಲಾಸಂ ಮಳೆ ಹೇಳಿದ ಹೊತ್ತಿಗೆ ಬರುವುದಿಲ್ಲ, ಬಂದರೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಡುತ್ತದೆ. ಕುಯ್ಯಲು ಜನ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಿ ಅನ್ನುವ ಷೇರು ಮಾರುಕಟ್ಟೆಗೆ, ಗಿಡ ನೆಟ್ಟು ವರ್ಷಗಟ್ಟಲೆ ಕಾಯುವ ತೋಟದ ಲೆಕ್ಕ ಅರ್ಥ ಆಗುವುದಿಲ್ಲ. ಹೊಸ ನಿಯಮ ಬಂದಾಗಲೆಲ್ಲ ಹೊಸ ಫಾರಂ. ಇಷ್ಟರ ನಡುವೆ ಒಳ್ಳೆಯ ಕಂಪನಿ ನಡೆಸುವವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಸರಿಯಾದ ಸುದ್ದಿ ಸಿಗಲಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೊಡಗಿಗೆ ಈ ವಿಷಯದಲ್ಲಿ ಒಂದು ಹಳೆಯ ಅನುಕೂಲ ಇತ್ತು. ಕಂಪನಿಯ ವಾರ್ಷಿಕ ಮಹಾಸಭೆಯನ್ನು ಅದರ ರಿಜಿಸ್ಟರ್ಡ್ ಆಫೀಸ್ ಇರುವ ಊರಿನಲ್ಲೇ ನಡೆಸಬೇಕು ಅಂತ ಕಾನೂನು. 1943ರಲ್ಲಿ ಹುಟ್ಟಿದ ಕನ್ಸಾಲಿಡೇಟೆಡ್ ಕಾಫಿ, ಮುಂದೆ 2000ದಲ್ಲಿ ಟಾಟಾ ಕಾಫಿ ಅನ್ನುವ ಹೆಸರು ಪಡೆದ ಕಂಪನಿಯ ರಿಜಿಸ್ಟರ್ಡ್ ಆಫೀಸ್ ಇದ್ದದ್ದು ಪಾಲಿಬೆಟ್ಟದಲ್ಲಿ. ಷೇರು ಮಾರುಕಟ್ಟೆಯಲ್ಲಿದ್ದ ಅಷ್ಟು ದೊಡ್ಡ ಕಂಪನಿಗೆ ನಮ್ಮ ಸಣ್ಣ ಊರೇ ವಿಳಾಸ. 2024ರ ಜನವರಿ 1ರಿಂದ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಮತ್ತು ಅದರ ಅಂಗಸಂಸ್ಥೆಯೊಳಗೆ ಸೇರಿತು. ಮುಖ್ಯ ಕಂಪನಿಯ ರಿಜಿಸ್ಟರ್ಡ್ ಆಫೀಸ್ ಕೋಲ್ಕತ್ತಾದಲ್ಲಿದೆ. ಎಲ್ಲವೂ ಕಾನೂನು ಪ್ರಕಾರ, ಷೇರುದಾರರ ಒಪ್ಪಿಗೆಯಿಂದಲೇ ಆಗಿದೆ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಊರಿನ ಷೇರುದಾರ ಬಸ್ಸು ಹತ್ತಿ ಹೋಗಿ ಅಧ್ಯಕ್ಷರ ಎದುರು ನಿಂತು ಕೇಳುವ ಅವಕಾಶ ದೂರ ಆಯಿತು. 2020ರಿಂದ ಮಹಾಸಭೆ ವಿಡಿಯೋದಲ್ಲೂ ನಡೆಯಬಹುದು. ಅಲ್ಲಿ ಮುಂಚೆ ಹೆಸರು ಕೊಟ್ಟವರಿಗೆ ಎರಡೋ ಮೂರೋ ನಿಮಿಷ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ.

ಎದುರು ನಿಲ್ಲುವುದರ ಬೆಲೆ ಏನು ಅಂತ ನಮ್ಮ ಸಹಕಾರ ಸಂಘಗಳ ಮಹಾಸಭೆ ನೋಡಿದವರಿಗೆ ಗೊತ್ತು. ಅಲ್ಲೂ ಬೇಕಾದಷ್ಟು ಕೊರತೆ ಇದೆ. ವರದಿ ಪುಸ್ತಕ ಸಭೆಯ ದಿನ ಬಾಗಿಲಲ್ಲಿ ಕೈಗೆ ಸಿಗುತ್ತದೆ, ಓದುವ ಮುಂಚೆ ಯಾರೋ ಸೂಚಿಸಿ ಯಾರೋ ಅನುಮೋದಿಸಿ ಆಗಿರುತ್ತದೆ, ಊಟದ ಪರಿಮಳ ಬಂದ ಮೇಲೆ ಪ್ರಶ್ನೆ ಕೇಳುವವನನ್ನು ಕಂಡರೆ ಎಲ್ಲರಿಗೂ ಕೋಪ. ಇದನ್ನು ನಾವೂ ತಿದ್ದಿಕೊಳ್ಳಬೇಕು. ಆದರೂ ಒಂದು ಸಲ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಅಧ್ಯಕ್ಷರೇ, ಗೊಬ್ಬರದ ದಾಸ್ತಾನು ಪುಸ್ತಕದಲ್ಲಿ ಇದೆ ಅಂತೀರಿ, ನಿನ್ನೆ ಗೋಡೌನ್ ಬಾಗಿಲಲ್ಲಿ ನನ್ನನ್ನ ಬರಿಗೈಲಿ ಕಳಿಸಿದ್ರಿ. ಎರಡರಲ್ಲಿ ಯಾವುದು ನಿಜ?" ಅಂದರು. ಸಭೆ ಅಲ್ಲಿಗೇ ನಿಂತಿತು. ಗೋಡೌನ್ ತೆಗೆಸಿ ಎಣಿಸಿದರು. ಅಧ್ಯಕ್ಷರು ಅದೇ ಊರಿನವರು, ನಾಳೆ ಸಂತೆಯಲ್ಲಿ ಅದೇ ಹಿರಿಯರ ಮುಖ ನೋಡಬೇಕಾದವರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕಾನೂನಿನ ಮಹಾಸಭೆ ಎಲ್ಲಿ ಬೇಕಾದರೂ ನಡೆಯಲಿ. ಅದರ ಜೊತೆಗೆ ವರ್ಷಕ್ಕೊಮ್ಮೆ ಕೊಡಗಿನಲ್ಲಿ ಒಂದು ಬಹಿರಂಗ ಸಭೆ ಕರೆಯಿರಿ. ಷೇರುದಾರರು, ಕೆಲಸಗಾರರು, ನಿಮಗೆ ಕಾಫಿ ಕೊಡುವ ಬೆಳೆಗಾರರು, ಪಕ್ಕದ ಊರಿನವರು ಎಲ್ಲರಿಗೂ ಬಾಗಿಲು ತೆರೆದಿರಲಿ. ಸಿದ್ದಾಪುರದ್ದೋ ಗೋಣಿಕೊಪ್ಪಲಿನದ್ದೋ ಸಾದಾ ಸಭಾಂಗಣ ಸಾಕು. ಸಭೆ ಕನ್ನಡದಲ್ಲಿ ನಡೆಯಲಿ. ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎರಡನ್ನೂ ತಿಂಗಳೊಳಗೆ ಅಚ್ಚು ಹಾಕಿ ಹಂಚಿ.

ಸ್ವತಂತ್ರ ನಿರ್ದೇಶಕರು ಕೊಯ್ಲಿನ ಕಾಲದಲ್ಲಿ ಒಮ್ಮೆ ಬರಲಿ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಯಾವಾಗಲಾದರೂ. ಮುಂಚೆ ಹೇಳಬೇಡಿ. ಬಂಗಲೆಗೆ ಹೋಗುವ ಮುಂಚೆ ಕಣಕ್ಕೆ, ತೂಕದ ಜಾಗಕ್ಕೆ, ಲೈನಿಗೆ ಹೋಗಿ. ಮ್ಯಾನೇಜರ್ ಜೊತೆಗಿಲ್ಲದೆ ಹೆಂಗಸರ ಹತ್ತಿರ ಮಾತಾಡಿ. ನೋಡಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದು ಬೋರ್ಡಿನ ನಡಾವಳಿಗೆ ಸೇರಿಸಿ.

ಈ ವರ್ಷದ ಕೊಯ್ಲು ಶುರುವಾಗುವ ಮುಂಚೆ ನಿಮ್ಮ ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಿ. ಒಪ್ಪಿದರೆ ಸಭೆಯ ದಿನ ತಿಳಿಸಿ, ಸಭಾಂಗಣ ನೋಡುವ ಕೆಲಸ ನಾವೇ ಮಾಡುತ್ತೇವೆ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಬರವಣಿಗೆಯಲ್ಲಿ ಕೊಡಿ. ಅದನ್ನೂ ಊರಿನವರ ಮುಂದೆ ಓದುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಅಮ್ಮತ್ತಿ ಹೋಬಳಿಯ ಒಬ್ಬ ಕಾಫಿ ಬೆಳೆಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು